ಕಬಡ್ಡಿಗೆ ಕಳಿಸುವ ಮುನ್ನ ಮಗುವಿನ ನಡಿಗೆ ನೋಡಿ

ಶಾಲೆಯ ಕ್ರೀಡಾಕೂಟ ಹತ್ತಿರ ಬಂತೆಂದರೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳ ತಂದೆತಾಯಿ ಕುತ್ತಿಗೆಯ ಎಕ್ಸ್‌ರೇ ಹಿಡಿದು ದಾವಣಗೆರೆಯ ನಮ್ಮ ಫಿಸಿಯೋಥೆರಪಿ ಕೇಂದ್ರಕ್ಕೆ ಬರುತ್ತಾರೆ. ‘ರಿಪೋರ್ಟ್ ನಾರ್ಮಲ್ ಐತಿ ಸರ್, ಕಬಡ್ಡಿ ಆಡಿಸಬಹುದೇನ್ರಿ?’ ನಾನು ಎಕ್ಸ್‌ರೇ ಪಕ್ಕಕ್ಕಿಟ್ಟು ಮೊದಲು ಮಗುವನ್ನು ನಡೆಸಿ ನೋಡುತ್ತೇನೆ.

ಈ ಮಕ್ಕಳ ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಹುಟ್ಟಿನಿಂದಲೇ ಸಡಿಲ. ತಲೆಬುರುಡೆಯ ಕೆಳಗಿನ ಮೊದಲೆರಡು ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ನಡುವೆಯೂ ಹಾಗೇ. ಎಕ್ಸ್‌ರೇಯಲ್ಲಿ ಅಲ್ಲಿ ಹೆಚ್ಚು ಸಡಿಲ ಕಾಣುವುದು ನೂರಕ್ಕೆ ಸುಮಾರು 10ರಿಂದ 20 ಮಂದಿಯಲ್ಲಿ. ಬೆನ್ನುಹುರಿ ಒತ್ತಿ ತೊಂದರೆಯಾಗುವುದು 1–2 ಮಂದಿಗೆ. ಇಂದಿನ ನಾರ್ಮಲ್ ರಿಪೋರ್ಟ್ ಮುಂದಿನ ವರ್ಷಕ್ಕೆ ಖಾತರಿಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ, ಲಕ್ಷಣವಿಲ್ಲದ ಮಕ್ಕಳಿಗೆಲ್ಲ ಎಕ್ಸ್‌ರೇ ತೆಗೆಸುವುದು ಬೇಡ ಎಂದಿತು.

ನೋಡಬೇಕಾದ್ದು ಬೇರೆ. ಚೆನ್ನಾಗಿ ನಡೆಯುತ್ತಿದ್ದ ಹುಡುಗಿ ಎಡವತೊಡಗಿದಳೇ? ತಾನೇ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದವನ ಕೈ ತಡವರಿಸುತ್ತಿದೆಯೇ? ಕುತ್ತಿಗೆ ನೋವೇ, ತಲೆ ಒಂದೇ ಕಡೆ ವಾಲುತ್ತಿದೆಯೇ? ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತೇ? ಮನೆಯಲ್ಲಿ ಸೋಮಾರಿತನ, ಹಟ ಎಂದು ಬೈಸಿಕೊಳ್ಳುವ ಲಕ್ಷಣಗಳಿವು. ದಯವಿಟ್ಟು ಬೈಯಬೇಡಿ. ಒಂದು ಕಂಡರೂ ಅವತ್ತೇ ಆಟ ನಿಲ್ಲಿಸಿ, ನರ ಅಥವಾ ಬೆನ್ನುಮೂಳೆ ಶಸ್ತ್ರತಜ್ಞರ ಬಳಿ ಹೋಗಿ. ಆಗಲೂ ಕುತ್ತಿಗೆ ಬಗ್ಗಿಸಿ ಎಕ್ಸ್‌ರೇ ತೆಗೆಯುವ ಅವಸರ ಬೇಡ. ಮೊದಲು ನೇರವಾಗಿಟ್ಟು ತೆಗೆದದ್ದನ್ನು ವೈದ್ಯರು ನೋಡಲಿ.

ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಆಗಿರದಿದ್ದರೆ ಮಾಡಿಸಿ. ಥೈರಾಯ್ಡ್ ಪರೀಕ್ಷೆ ವರ್ಷಕ್ಕೊಮ್ಮೆ.

ಲಕ್ಷಣವಿಲ್ಲದಿದ್ದರೂ ಕುಸ್ತಿ, ಲಾಗ, ತಲೆ ಮುಂದಾಗಿ ನೀರಿಗೆ ಧುಮುಕುವುದು, ಮೈಮೇಲೆ ಬಿದ್ದು ಹಿಡಿಯುವ ಕಬಡ್ಡಿ ಬೇಡ ಎಂಬುದು ನನ್ನ ಸಲಹೆ. ಗರಡಿಯ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಹಾಗೆಂದು ಮಗುವನ್ನು ಮೈದಾನದ ಅಂಚಿನಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ಈಜು, ಬ್ಯಾಡ್ಮಿಂಟನ್, ಓಟ, ಕುಣಿತ ಎಲ್ಲವೂ ಇವರದೇ. ಸ್ನಾಯು ಬಲಿತಷ್ಟೂ ಸಡಿಲ ಕೀಲಿಗೆ ಆಸರೆ.

ಪಿ.ಟಿ. ಮೇಷ್ಟ್ರುಗಳಿಗೆ ಒಂದು ಮಾತು. 220ರಿಂದ ವಯಸ್ಸು ಕಳೆದು ಹೃದಯ ಬಡಿತದ ಗುರಿ ಇಡುವ ಲೆಕ್ಕ ಇವರಿಗೆ ಹೊಂದುವುದಿಲ್ಲ. ಎಷ್ಟೇ ದುಡಿದರೂ ಇವರ ಬಡಿತ ಅಷ್ಟು ಮೇಲೇರದು. ಓಡುತ್ತಾ ಎರಡು ಮಾತಾಡಲು ಆಗುತ್ತದೆಯೇ ಎಂದು ನೋಡಿದರೆ ಸಾಕು. ಏಪ್ರಿಲ್ ಬಿಸಿಲಲ್ಲಂತೂ ಅಭ್ಯಾಸ ಬೆಳಿಗ್ಗೆಯೇ ಮುಗಿಯಲಿ. ನೋವು, ಬಾಯಾರಿಕೆಯನ್ನು ಹಲವರು ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕೊಟ್ಟು, ‘ಎಲ್ಲಾದ್ರೂ ನೋಯ್ತೈತೇನಪ್ಪಾ’ ಎಂದು ನೀವೇ ಕೇಳಿ.