ವ್ಯೂಫೈಂಡರೋ, ಸ್ಕ್ರೀನೋ? ಕ್ಯಾಮೆರಾ ಎಲ್ಲಿರಬೇಕು ಅನ್ನೋದರಿಂದ ಶುರು ಮಾಡಿ

ಕ್ಯಾಮೆರಾ ಕಲಿಯುವವರ ನಡುವೆ ಒಂದು ಮಾತು ಓಡಾಡುತ್ತಲೇ ಇರುತ್ತದೆ. ವ್ಯೂಫೈಂಡರಿಗೆ (ಕ್ಯಾಮೆರಾದ ಹಿಂದೆ ಇರುವ ನೋಡುವ ಕಿಂಡಿ) ಕಣ್ಣಿಟ್ಟು ತೆಗೆಯುವವರೇ ನಿಜವಾದ ಫೋಟೋಗ್ರಾಫರು, ಹಿಂದಿನ ಸ್ಕ್ರೀನ್ ನೋಡಿ ತೆಗೆಯುವವರಿಗೆ ಇನ್ನೂ ಮೊಬೈಲ್ ಚಟ ಬಿಟ್ಟಿಲ್ಲ ಅಂತ. ಇದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಹಾಗಂತ ಯಾವುದು ಅಭ್ಯಾಸವಾಗಿದೆಯೋ ಅದನ್ನೇ ಬಳಸ್ತೀನಿ ಅನ್ನೋದೂ ಸರಿಯಲ್ಲ. ಅಭ್ಯಾಸಕ್ಕೆ ಬಿಟ್ಟರೆ ಎಲ್ಲ ಫೋಟೋಗಳೂ ಒಂದೇ ಎತ್ತರದಿಂದ ತೆಗೆದಂತೆ ಕಾಣುತ್ತವೆ.

ನಾನು ಪಾಲಿಸುವ ಕ್ರಮ ಸರಳವಾಗಿದೆ. ಈ ಫೋಟೋಗೆ ಕ್ಯಾಮೆರಾ ಎಲ್ಲಿರಬೇಕು ಅಂತ ಮೊದಲು ತೀರ್ಮಾನಿಸಿ. ಕಣ್ಣಿನ ಎತ್ತರವೋ, ಮೊಣಕಾಲಿನ ಎತ್ತರವೋ, ನೆಲವೋ, ತಲೆಯ ಮೇಲೋ? ಅದು ಗೊತ್ತಾದರೆ ಯಾವುದರಲ್ಲಿ ನೋಡಬೇಕು ಅನ್ನೋ ಪ್ರಶ್ನೆ ಅರ್ಧ ಮುಗಿದಂತೆ. ಉಳಿದರ್ಧವನ್ನು ಅಲ್ಲಿರುವ ಬೆಳಕು ತೀರ್ಮಾನಿಸುತ್ತದೆ.

ಎತ್ತರದ ಲೆಕ್ಕ

ಒಂದು ಉದಾಹರಣೆ ನೋಡೋಣ. ನೆಲದ ಮೇಲೆ ಮಗು ಅಂಬೆಗಾಲಿಡುತ್ತಿದೆ. ನೀವು ನಿಂತುಕೊಂಡು ವ್ಯೂಫೈಂಡರಿನಲ್ಲಿ ನೋಡಿ ಕ್ಲಿಕ್ ಮಾಡಿದರೆ ಸಿಗುವುದು ಮಗುವಿನ ನೆತ್ತಿ, ಸುತ್ತ ಬರೀ ನೆಲ. ಆ ನೆಲ ಮಗುವಿಗೆ ಅಂಟಿಕೊಂಡೇ ಇದೆ. ಹಾಗಾಗಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರ) ಎಷ್ಟೇ ದೊಡ್ಡದು ಮಾಡಿದರೂ ಹಿನ್ನೆಲೆ ಸರಿಯಾಗಿ ಮಸುಕಾಗುವುದಿಲ್ಲ. ಈಗ ಕ್ಯಾಮೆರಾವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿ. ಸ್ಕ್ರೀನನ್ನು ಮೇಲ್ಮುಖವಾಗಿ ವಾಲಿಸಿ ನೋಡಿ. ಮಗುವಿನ ಮುಖ ನೇರವಾಗಿ ಸಿಕ್ಕಿತು. ಅಷ್ಟೇ ಅಲ್ಲ, ಹಿನ್ನೆಲೆಯೇ ಬದಲಾಯಿತು. ನೆಲ ಹೋಗಿ ದೂರದ ಗೋಡೆ ಬಂತು. ಹಿನ್ನೆಲೆ ದೂರವಾದಷ್ಟೂ ಮಸುಕು ಜಾಸ್ತಿ. ಅದೇ ಲೆನ್ಸ್, ಅದೇ ಅಪರ್ಚರ್. ಬದಲಾಗಿದ್ದು ಎತ್ತರ ಮಾತ್ರ.

ನೆಲಕ್ಕೆ ಹತ್ತಿರವಿರುವ ಹೂವು, ನಾಯಿಮರಿ, ನಿಂತ ನೀರಿನಲ್ಲಿ ಕಾಣುವ ಪ್ರತಿಬಿಂಬ, ಇವೆಲ್ಲ ಸ್ಕ್ರೀನಿನ ಕೆಲಸ. ಜನಜಂಗುಳಿಯ ಹಿಂದೆ ನಿಂತು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ತೆಗೆಯುವಾಗಲೂ ಅಷ್ಟೇ. ಮಲಗಿಕೊಂಡು ವ್ಯೂಫೈಂಡರಿಗೆ ಕಣ್ಣಿಡಬಹುದು, ನಿಜ. ಆದರೆ ಅಂಥ ಕಷ್ಟ ಇದ್ದರೆ ನಾವು ಆ ಕೋನವನ್ನೇ ಪ್ರಯತ್ನಿಸುವುದಿಲ್ಲ, ಅಲ್ವಾ?

ಸ್ಕ್ರೀನ್‌ಗಳಲ್ಲೂ ಎರಡು ಬಗೆ ಇದೆ. ಕೆಲವು ಮೇಲೆ ಕೆಳಗೆ ಮಾತ್ರ ವಾಲುತ್ತವೆ. ಕೆಲವು ಬಾಗಿಲಿನಂತೆ ಪಕ್ಕಕ್ಕೆ ತೆರೆದು ತಿರುಗುತ್ತವೆ. ವಾಲುವ ಸ್ಕ್ರೀನ್ ಲೆನ್ಸಿನ ಸಾಲಿನಲ್ಲೇ ಇರುತ್ತದೆ, ಗುರಿ ಹಿಡಿಯುವುದು ಸಲೀಸು. ಪಕ್ಕಕ್ಕೆ ತೆರೆಯುವುದು ಲೆನ್ಸಿನ ಎಡಕ್ಕೆ ಹೋಗಿಬಿಡುತ್ತದೆ. ರೂಢಿಯಾಗುವ ತನಕ ಫ್ರೇಮ್ ಸ್ವಲ್ಪ ಅತ್ತಿತ್ತ ಹೋಗುತ್ತದೆ. ಆದರೆ ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಹಿಡಿದು ಕೆಳಗಿನಿಂದ ತೆಗೆಯಬೇಕಾದರೆ ಇದೇ ಬೇಕು, ಬರೀ ವಾಲುವ ಸ್ಕ್ರೀನ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಜನರ ಫೋಟೋ ತೆಗೆಯುವಾಗ ಇನ್ನೊಂದು ವಿಷಯ ಗಮನಿಸಿ. ವ್ಯೂಫೈಂಡರ್ ಬಳಸಿದರೆ ನಿಮ್ಮ ಅರ್ಧ ಮುಖ ಮುಚ್ಚಿಹೋಗುತ್ತದೆ. ಎದುರಿಗಿರುವವರು ಮಾತಾಡುವುದು ಒಂದು ಕಪ್ಪು ಡಬ್ಬಿಯ ಜೊತೆ. ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ ಇಳಿಸಿ, ಸ್ಕ್ರೀನ್ ವಾಲಿಸಿಕೊಂಡು ಮಾತಾಡುತ್ತಾ ತೆಗೆದರೆ ಮುಖದ ಬಿಗಿ ಸಡಿಲವಾಗುತ್ತದೆ. ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಸೌಲಭ್ಯ ಈಗಿನ ಕ್ಯಾಮೆರಾಗಳಲ್ಲಿ ಇರುವುದರಿಂದ ಫೋಕಸ್ ಬಗ್ಗೆ ಅಷ್ಟು ಚಿಂತೆ ಬೇಡ.

ವ್ಯೂಫೈಂಡರ್ ಯಾವಾಗ ಬೇಕೇ ಬೇಕು

ಇದರ ದೊಡ್ಡ ಲಾಭ ಇರುವುದು ಹಿಡಿತದಲ್ಲಿ. ಲೆನ್ಸ್ ಎಡಗೈಯ ಅಂಗೈ ಮೇಲೆ ಕೂತಿರಲಿ. ಬಲಗೈ ಗ್ರಿಪ್ ಹಿಡಿದಿರಲಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿರಲಿ. ಐಕಪ್ (ವ್ಯೂಫೈಂಡರಿನ ಸುತ್ತಲಿನ ರಬ್ಬರ್ ಅಂಚು) ಹುಬ್ಬಿಗೆ ತಾಗಿರಲಿ. ಈಗ ಕ್ಯಾಮೆರಾಗೆ ಮೂರು ಕಡೆ ಆಸರೆ ಸಿಕ್ಕಿತು: ಎರಡು ಕೈ, ಜೊತೆಗೆ ಹಣೆ. ಅದೇ ಕ್ಯಾಮೆರಾವನ್ನು ಉದ್ದ ಲೆನ್ಸ್ ಹಾಕಿ ಕೈ ಚಾಚಿ ಹಿಡಿದು ನೋಡಿ. ಸ್ವಲ್ಪ ಹೊತ್ತಿಗೇ ಚಿತ್ರ ತೂಗಾಡತೊಡಗುತ್ತದೆ. 200 ಎಂಎಂ ಲೆನ್ಸಿಗೆ ಕನಿಷ್ಠ 1/200 ಸೆಕೆಂಡ್ ಶಟರ್ ವೇಗ ಇರಲಿ ಅನ್ನೋ ಹಳೆಯ ಲೆಕ್ಕ ಇದೆಯಲ್ಲ, ಅದು ಹೀಗೆ ಮುಖಕ್ಕೆ ಒತ್ತಿ ಹಿಡಿದಾಗಿನ ಮಾತು. ಕೈ ಚಾಚಿದರೆ ಇನ್ನೂ ಜಾಸ್ತಿ ವೇಗ ಬೇಕು.

ಸ್ಕ್ರೀನ್ ಬಳಸಲೇಬೇಕಾದಾಗ ಒಂದು ಉಪಾಯ ಮಾಡಿ. ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಅದು ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯಿರಿ. ಆ ಎಳೆತವೇ ಮೂರನೇ ಆಸರೆ.

ಹಾರುವ ಹಕ್ಕಿ, ಓಡುವ ಆಟಗಾರರು, ವೇಗವಾಗಿ ಹೋಗುವ ಗಾಡಿ, ಇವಕ್ಕೆಲ್ಲ ವ್ಯೂಫೈಂಡರೇ ಸರಿ. ಉದ್ದ ಲೆನ್ಸಿನಲ್ಲಿ ಕಾಣುವ ಜಾಗ ತೀರಾ ಚಿಕ್ಕದು. ಕಣ್ಣು, ಕುತ್ತಿಗೆ, ಕ್ಯಾಮೆರಾ ಮೂರೂ ಒಟ್ಟಿಗೆ ತಿರುಗಿದರೆ ಮಾತ್ರ ಹಕ್ಕಿ ಫ್ರೇಮಿನಲ್ಲಿ ಉಳಿಯುತ್ತದೆ.

ಒಳಗೆ ಏನಿದೆ

ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸಿನಿಂದ ಬಂದ ಬೆಳಕು ಓರೆ ಕನ್ನಡಿಗೆ ಬಡಿದು ಮೇಲೆ ಹೋಗಿ, ಪೆಂಟಾಪ್ರಿಸಂ ಅನ್ನೋ ಗಾಜಿನ ತುಂಡಿನ ಮೂಲಕ ಕಣ್ಣಿಗೆ ಬರುತ್ತದೆ. ಕಾಣುವುದು ನಿಜವಾದ ಬೆಳಕು, ಒಂದಿಷ್ಟೂ ತಡವಿಲ್ಲ. ಆದರೆ ಫೋಟೋ ಎಷ್ಟು ಕಪ್ಪಾಗುತ್ತೆ, ಎಷ್ಟು ಬೆಳ್ಳಗಾಗುತ್ತೆ ಅನ್ನೋದನ್ನು ಅದು ತೋರಿಸುವುದಿಲ್ಲ. ಶುರುವಿನ ಹಂತದ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಫ್ರೇಮಿನ ಸುಮಾರು 95% ಮಾತ್ರ ಕಾಣುತ್ತದೆ. ನೋಡುವಾಗ ಇಲ್ಲದ ಕೊಂಬೆಯೊಂದು ಫೋಟೋದ ಅಂಚಿನಲ್ಲಿ ಬಂದು ಕೂರುವುದು ಹೀಗೆ.

ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ವ್ಯೂಫೈಂಡರಿನೊಳಗೆ ಇರುವುದೂ ಒಂದು ಪುಟ್ಟ ಸ್ಕ್ರೀನೇ. 2008ರಲ್ಲಿ ಬಂದ ಪ್ಯಾನಸೋನಿಕ್ ಜಿ1ರಿಂದ ಈ ಜಾತಿ ಬೆಳೆಯುತ್ತಾ ಬಂತು. ಇಲ್ಲಿ 'ಡಾಟ್' ಲೆಕ್ಕದಲ್ಲಿ ಮೋಸಹೋಗಬೇಡಿ. ಕೆಂಪು, ಹಸಿರು, ನೀಲಿ ಮೂರು ಡಾಟ್ ಸೇರಿ ಒಂದು ಪಿಕ್ಸೆಲ್. ವ್ಯೂಫೈಂಡರಿಗೆ 36.9 ಲಕ್ಷ ಡಾಟ್ ಅಂದರೆ 1280×960 ಪಿಕ್ಸೆಲ್. ಹಿಂದಿನ ಸ್ಕ್ರೀನಿಗೆ 10.4 ಲಕ್ಷ ಡಾಟ್ ಅಂದರೆ ಬರೀ 720×480. ಫೋಕಸ್ ನಿಖರವಾಗಿ ಬಿದ್ದಿದೆಯೇ ಅಂತ ಪರೀಕ್ಷಿಸಲು ವ್ಯೂಫೈಂಡರ್ ಮೇಲು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. ತೆಗೆದ ಫೋಟೋವನ್ನೂ ಅದರಲ್ಲೇ ನೋಡಬಹುದು, ಬಿಸಿಲಿನಲ್ಲಿ ಇದು ದೊಡ್ಡ ಅನುಕೂಲ.

ಡಿಎಸ್‌ಎಲ್‌ಆರ್ ಇರುವವರು ಗಮನಿಸಿ: ಸ್ಕ್ರೀನಿಗೆ ಬದಲಾಯಿಸಿದರೆ ಕನ್ನಡಿ ಮೇಲೆದ್ದು ನಿಲ್ಲುತ್ತದೆ, ವೇಗದ ಫೋಕಸ್ ಸೆನ್ಸರಿಗೆ ಬೆಳಕು ಸಿಗುವುದಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ತಡಕಾಡುವುದು ಇದಕ್ಕೇ. 2013ರ ಕ್ಯಾನನ್ 70ಡಿಯಲ್ಲಿ ಇಮೇಜ್ ಸೆನ್ಸರಿನ ಮೇಲೇ ವೇಗದ ಫೋಕಸ್ ಬಂದ ಮೇಲೆ ಆ ಕಷ್ಟ ಬಹಳ ಕಡಿಮೆಯಾಯಿತು.

ಡಯಾಪ್ಟರ್ ಚಕ್ರ

ವ್ಯೂಫೈಂಡರ್ ಮಸುಕು ಅಂತ ಅದನ್ನು ಬಿಟ್ಟುಬಿಟ್ಟವರಲ್ಲಿ ಎಷ್ಟೋ ಜನ ಈ ಚಕ್ರವನ್ನು ಮುಟ್ಟಿಯೇ ಇರುವುದಿಲ್ಲ. ವ್ಯೂಫೈಂಡರನ್ನು ನಿಮ್ಮ ಕಣ್ಣಿನ ಪವರಿಗೆ ಹೊಂದಿಸುವುದು ಇದರ ಕೆಲಸ. ಐಕಪ್ಪಿನ ಪಕ್ಕದಲ್ಲಿ ಚಿಕ್ಕದಾಗಿ ಇರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಹೊರಗೆಳೆದು ತಿರುಗಿಸಬೇಕು. ಕ್ಯಾಮೆರಾವನ್ನು ಖಾಲಿ ಗೋಡೆಯ ಕಡೆ ಹಿಡಿಯಿರಿ. ಶಟರ್ ಅರ್ಧ ಒತ್ತಿ. ಕೆಳಗೆ ಅಂಕಿಗಳು ಕಾಣುತ್ತವೆ. ಆ ಅಂಕಿಗಳ ಅಂಚು ಚೂಪಾಗುವ ತನಕ ಚಕ್ರ ತಿರುಗಿಸಿ. ಎದುರಿನ ದೃಶ್ಯವನ್ನು ನೋಡಿ ಹೊಂದಿಸಬೇಡಿ. ಅದು ಲೆನ್ಸಿನ ಫೋಕಸ್ ತಪ್ಪಿದ್ದರಿಂದಲೂ ಮಸುಕಾಗಿರಬಹುದು. ಬ್ಯಾಗಿನಿಂದ ತೆಗೆಯುವಾಗ ಈ ಚಕ್ರ ಸುಮ್ನೆ ಜರುಗಿಬಿಡುವುದುಂಟು, ಆಗಾಗ ನೋಡಿಕೊಳ್ಳಿ.

ಚಾಳೀಸು ಬಂದವರಿಗೆ ಇದು ವರವೇ ಸರಿ. ಕನ್ನಡಕ ಹಾಕದೆ ಹಿಂದಿನ ಸ್ಕ್ರೀನ್ ಓದಲಾಗದವರಿಗೂ ಡಯಾಪ್ಟರ್ ಹೊಂದಿಸಿದ ವ್ಯೂಫೈಂಡರ್ ಸ್ಪಷ್ಟವಾಗಿ ಕಾಣುತ್ತದೆ. ದೂರದೃಷ್ಟಿ, ಸಮೀಪದೃಷ್ಟಿ ಎರಡಕ್ಕೂ ಒಂದು ಮಿತಿಯವರೆಗೆ ಚಕ್ರ ಸಾಕು. ಆದರೆ ಕಣ್ಣಿಗೆ ಸಿಲಿಂಡರ್ ಪವರ್ ಇದ್ದರೆ ಇದು ಸರಿಮಾಡುವುದಿಲ್ಲ, ಕನ್ನಡಕ ಹಾಕಿಕೊಂಡೇ ನೋಡಬೇಕು. ಆಗ ಕಣ್ಣು ಹಿಂದಕ್ಕೆ ಸರಿಯುತ್ತದೆ, ಫ್ರೇಮಿನ ಮೂಲೆಗಳು ಕತ್ತರಿಸಿಹೋಗಬಹುದು. ಕ್ಯಾಮೆರಾ ಕೊಳ್ಳುವಾಗ 'ಐಪಾಯಿಂಟ್' (ಫ್ರೇಮ್ ಪೂರ್ತಿ ಕಾಣುವಂತೆ ಕಣ್ಣು ಎಷ್ಟು ಹಿಂದೆ ಇರಬಹುದು ಅನ್ನೋ ಅಳತೆ) ಎಷ್ಟು ಮಿಲಿಮೀಟರ್ ಅಂತ ನೋಡಿ. ಕನ್ನಡಕದವರಿಗೆ ಸುಮಾರು 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು.

ಬಿಸಿಲು, ಕತ್ತಲೆ, ಫ್ಲಾಶ್

ಸುಡುಬಿಸಿಲಿನಲ್ಲಿ ಸ್ಕ್ರೀನಿನ ಮೇಲೆ ನಿಮ್ಮದೇ ಮುಖ ಕಾಣುತ್ತದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದ್ದರೆ ಕೆಲವು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಗಬಹುದು. ಅಲ್ಲಿ ವ್ಯೂಫೈಂಡರೇ ಗತಿ. ಒಂದು ಎಚ್ಚರಿಕೆ: ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೇರ ನೋಡಬೇಡಿ, ಉದ್ದ ಲೆನ್ಸಿನಲ್ಲಂತೂ ಖಂಡಿತ ಬೇಡ, ಕಣ್ಣಿಗೇ ಹಾನಿ. ಮಿರರ್‌ಲೆಸ್ ಇದ್ದರೆ ಕ್ಯಾಮೆರಾದ ಹಿಂಭಾಗ ಸೂರ್ಯನ ಕಡೆಗಿರುವಂತೆ ಬಿಸಿಲಲ್ಲಿ ಇಟ್ಟುಬಿಡಬೇಡಿ. ಐಕಪ್ಪಿನ ಒಳಗಿನ ಲೆನ್ಸ್ ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪುಟ್ಟ ಸ್ಕ್ರೀನನ್ನು ಸುಟ್ಟುಬಿಡಬಲ್ಲದು.

ರಾತ್ರಿ ಬೇರೆಯದೇ ತೊಂದರೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಯಾವ ಸ್ಕ್ರೀನೂ ಜಾಸ್ತಿ ಬೆಳಕಾಗಿಯೇ ಕಾಣುತ್ತದೆ. ಫೋಟೋ ಚೆನ್ನಾಗಿ ಬೆಳಗಿದೆ ಅಂದುಕೊಂಡು ಎಕ್ಸ್‌ಪೋಶರ್ ಇಳಿಸುತ್ತೀರಿ, ಕಂಪ್ಯೂಟರಿನಲ್ಲಿ ತೆರೆದಾಗ ಎಲ್ಲ ಕಪ್ಪು. ಕಣ್ಣನ್ನು ನಂಬದೆ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪು, ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ. ಸ್ಕ್ರೀನಿನ ಹೊಳಪನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿಡಿ.

ಫ್ಲಾಶ್ ಬಳಸುವವರು ಗಾಬರಿಯಾಗುವ ಒಂದು ಸಂದರ್ಭವಿದೆ. ಮನೆಯೊಳಗೆ 1/125 ಸೆಕೆಂಡ್, ಎಫ್/8, ಐಎಸ್‌ಒ 100 (ಬೆಳಕು ತೀರಾ ಕಡಿಮೆ ದಾಖಲಾಗುವ ಸೆಟ್ಟಿಂಗ್) ಇಟ್ಟರೆ ಮಿರರ್‌ಲೆಸ್‌ನಲ್ಲಿ ಏನೂ ಕಾಣುವುದಿಲ್ಲ. ಕ್ಯಾಮೆರಾ ಕೆಟ್ಟಿಲ್ಲ. ಇನ್ನೂ ಹೊಡೆಯದ ಫ್ಲಾಶಿನ ಬೆಳಕು ಅದಕ್ಕೆ ಗೊತ್ತಿಲ್ಲ, ಕೋಣೆಯ ಬೆಳಕಿನಲ್ಲಿ ಫೋಟೋ ಎಷ್ಟು ಕಪ್ಪಾಗುತ್ತೋ ಅಷ್ಟನ್ನೇ ತೋರಿಸುತ್ತಿದೆ. ಮೆನುವಿನಲ್ಲಿ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಿದರೆ ಸರಿಹೋಗುತ್ತದೆ.

ಬದಲಾಯಿಸುವ ಸೆಟ್ಟಿಂಗ್

ಐಕಪ್ಪಿನ ಹತ್ತಿರ ಒಂದು ಕಪ್ಪು ಚುಕ್ಕೆಯಂಥ ಸೆನ್ಸರ್ ಇರುತ್ತದೆ. ಮುಖ ಹತ್ತಿರ ಬಂದರೆ ಸ್ಕ್ರೀನ್ ಆರಿಸಿ ವ್ಯೂಫೈಂಡರ್ ಹಚ್ಚುತ್ತದೆ. ಅದಕ್ಕೆ ಮುಖ ಯಾವುದು, ಹೆಬ್ಬೆರಳು ಯಾವುದು ಗೊತ್ತಾಗುವುದಿಲ್ಲ. ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ ಕೆಳಗಿನಿಂದ ತೆಗೆಯುವಾಗ ಸ್ಕ್ರೀನ್ ಪಕ್ಕನೆ ಆರಿಹೋದರೆ ಕಾರಣ ಇದೇ. ಸ್ಕ್ರೀನ್ ಹೊರಗೆಳೆದಾಗ ಈ ಸೆನ್ಸರ್ ತಾನಾಗಿ ಆಫ್ ಆಗುವ ಕ್ಯಾಮೆರಾಗಳೂ ಇವೆ. ನಿಮ್ಮದರಲ್ಲಿ ಇಲ್ಲದಿದ್ದರೆ ಒಂದು ಬಟನ್ನಿಗೆ ಈ ಬದಲಾವಣೆಯನ್ನು ಕೊಟ್ಟುಕೊಳ್ಳಿ. ಎಡಗಣ್ಣಿನಲ್ಲಿ ನೋಡುವವರ ಮೂಗು ಟಚ್ ಸ್ಕ್ರೀನಿಗೆ ತಾಗಿ ಫೋಕಸ್ ಬಿಂದು ಓಡಿಹೋಗುತ್ತದೆ. ಅವರು ವ್ಯೂಫೈಂಡರ್ ಬಳಸುವಾಗ ಟಚ್ ಆಫ್ ಮಾಡಿಕೊಳ್ಳುವುದು ಲೇಸು.

ಬ್ಯಾಟರಿ ಲೆಕ್ಕವನ್ನೂ ನೋಡಿ. ಸೋನಿ ಎ7 ಮಾರ್ಕ್ 3ಕ್ಕೆ ಕಂಪನಿ ಕೊಟ್ಟ ಲೆಕ್ಕ, ಒಂದು ಚಾರ್ಜಿಗೆ ಸ್ಕ್ರೀನಿನಲ್ಲಿ 710 ಫೋಟೋ, ವ್ಯೂಫೈಂಡರಿನಲ್ಲಿ 610. ಗಾಜಿನ ವ್ಯೂಫೈಂಡರ್ ಇರುವ ನಿಕಾನ್ ಡಿ850ಕ್ಕೆ 1840.

ಕೊನೆಯದಾಗಿ, ಟ್ರೈಪಾಡ್ ಮೇಲಿನ ಡಿಎಸ್‌ಎಲ್‌ಆರ್ ವಿಷಯ. ಕಣ್ಣು ಐಕಪ್ಪಿಗೆ ಮುಚ್ಚಿಲ್ಲದಿದ್ದರೆ ಹಿಂದಿನಿಂದ ಬೆಳಕು ಒಳನುಗ್ಗಿ ಮೀಟರ್ ಲೆಕ್ಕ ತಪ್ಪುತ್ತದೆ, ಫೋಟೋ ಕಪ್ಪಾಗುತ್ತದೆ. ಕೆಲವು ಕ್ಯಾಮೆರಾಗಳ ಪಟ್ಟಿಗೆ ಒಂದು ಪುಟ್ಟ ರಬ್ಬರ್ ತುಂಡು ಪೋಣಿಸಿರುತ್ತಾರಲ್ಲ, ಅದು ಇರುವುದು ಐಕಪ್ ತೆಗೆದು ಆ ಜಾಗ ಮುಚ್ಚುವುದಕ್ಕೆ. ಸ್ಕ್ರೀನಿನಲ್ಲಿ ನೋಡಿ ತೆಗೆಯುವುದಾದರೆ ಮೀಟರಿಂಗ್ ಇಮೇಜ್ ಸೆನ್ಸರಿನಿಂದಲೇ ನಡೆಯುತ್ತದೆ, ಈ ತೊಂದರೆ ಇರುವುದಿಲ್ಲ.