ಧೂಳಿಲ್ಲದ ಕೋಣೆಯಲ್ಲಿ ಅಮೋನಿಯಾ

ಮಂಗಳೂರಿನ ಸುರತ್ಕಲ್, ಪಣಂಬೂರು ಕಡೆ ಮನೆ ಮಾಡಿದವರಿಗೆ ಎಸಿಯ ಹೊರಗಿನ ಯಂತ್ರ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಧೂಳನ್ನು ಒರೆಸಿ ತೆಗೆಯಬಹುದು, ಉಪ್ಪುಗಾಳಿ ಲೋಹವನ್ನೇ ತಿನ್ನುತ್ತದೆ. ಚಿಪ್ ತಯಾರಕರಿಗೆ ಇಂಥದೇ ಪಾಠ ಮನದಟ್ಟಾಗಲು ಸುಮಾರು ಮೂರು ದಶಕ ಬೇಕಾಯಿತು.

ಚಿಪ್ ತಯಾರಿಸುವ ಧೂಳಿಲ್ಲದ ಕೋಣೆಗೆ, ಅಂದರೆ ಕ್ಲೀನ್‌ರೂಮ್‌ಗೆ, ಇಂದಿನ ರೂಪ ಕೊಟ್ಟವರು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್, 1960ರ ದಶಕದ ಆರಂಭದಲ್ಲಿ. ಸೋಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸಿ ಕಣಗಳನ್ನು ಹೊರಗಟ್ಟುವ ಏರ್ಪಾಡು ಅದು. 1963ರಲ್ಲಿ ಬಂದ ಅಮೆರಿಕದ ಸರಕಾರಿ ಮಾನದಂಡ ಸ್ವಚ್ಛತೆಯನ್ನು ಎಣಿಕೆಗೆ ಇಳಿಸಿತು: ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು ಎಷ್ಟಿವೆ? ಎಣಿಕೆಗೆ ಸಿಗದ್ದರ ಬಗ್ಗೆ ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳುವ ಅಗತ್ಯವೂ ಇರಲಿಲ್ಲ ಅನ್ನಿ, ಆಗಿನ ಚಿಪ್‌ಗಳ ಗೆರೆಗಳೇ ಅಷ್ಟು ದಪ್ಪ.

ತಾಪತ್ರಯ ಶುರುವಾದದ್ದು ಹೊಸ ಲೇಪದಿಂದ. ವೇಫರ್ ಎಂಬ ತೆಳು ಸಿಲಿಕಾನ್ ಬಿಲ್ಲೆಯ ಮೇಲೆ ವಿನ್ಯಾಸ ಮೂಡಿಸಲು ಫೋಟೊರೆಸಿಸ್ಟ್ ಎಂಬ ಬೆಳಕಿಗೆ ಸ್ಪಂದಿಸುವ ಪದಾರ್ಥವನ್ನು ಬಳಿಯುತ್ತಾರೆ. 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಹಿರೋಶಿ ಇಟೊ, ಗ್ರಾಂಟ್ ವಿಲ್ಸನ್ ಮತ್ತು ಜಾನ್ ಫ್ರೆಶೆ ರೂಪಿಸಿದ ಬಗೆಯಲ್ಲಿ ಬೆಳಕು ಬಿದ್ದಲ್ಲಿ ಒಂದಿಷ್ಟೇ ಆಮ್ಲ ಹುಟ್ಟುತ್ತದೆ. ಬಿಸಿ ಮಾಡಿದಾಗ ಅದರ ಒಂದೊಂದು ಅಣುವೂ ಸರಣಿ ಕ್ರಿಯೆಗಳನ್ನು ನಡೆಸುತ್ತದೆ. ಈ ಜಾಣತನವೇ ಅದರ ದೌರ್ಬಲ್ಯವೂ ಹೌದು. ಗಾಳಿಯಲ್ಲಿನ ಒಂದು ಅಮೋನಿಯಾ ಅಣು ಆ ಆಮ್ಲವನ್ನು ತಟಸ್ಥಗೊಳಿಸಿದರೆ ಸರಣಿ ಅಲ್ಲಿಗೇ ನಿಂತಿತು. ಮೇಲ್ಪದರ ಕರಗದೆ ಉಳಿದು, ಗೆರೆಯ ಅಡ್ಡಕೊಯ್ತ ಇಂಗ್ಲಿಷಿನ ‘ಟಿ’ ಅಕ್ಷರದಂತೆ ತಲೆ ಅಗಲಿಸಿಕೊಂಡು ನಿಲ್ಲುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಹತ್ತಾರು ಭಾಗ ಇಂಥ ಪ್ರತ್ಯಾಮ್ಲ ಇದ್ದರೂ ಸಾಕು ಎಂಬುದನ್ನು ಐಬಿಎಂ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು.

ಇಂಥ ಮಾಲಿನ್ಯದ ಮೂಲ ಹುಡುಕಹೊರಟವರಿಗೆ ಸಿಕ್ಕಿದ್ದು ಮುಜುಗರದ ಪಟ್ಟಿ. ಅಮೋನಿಯಾ ಒಳಗೆ ಕೆಲಸ ಮಾಡುವ ಮನುಷ್ಯರ ಮೈಯಿಂದಲೇ, ಕಾಂಕ್ರೀಟಿನಿಂದಲೇ ಬರುತ್ತಿತ್ತು. ಪ್ಲಾಸ್ಟಿಕ್‌ನಿಂದ ಥಾಲೇಟ್, ಸಂದು ಮುಚ್ಚುವ ಸೀಲಂಟ್‌ನಿಂದ ಸಿಲೋಕ್ಸೇನ್ ಎಂಬ ರಾಸಾಯನಿಕಗಳ ಆವಿ ಹೊರಡುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ ಫಿಲ್ಟರಿನದು: ಹೈಡ್ರೋಫ್ಲೋರಿಕ್ ಆಮ್ಲದ ಆವಿ ಫಿಲ್ಟರಿನ ಗಾಜಿನ ನಾರನ್ನು ಕೊರೆದು ಬೋರಾನ್ ಬಿಡುಗಡೆ ಮಾಡುತ್ತಿತ್ತು. ಸಿಲಿಕಾನ್‌ನ ವಿದ್ಯುತ್ ಗುಣವನ್ನೇ ಬದಲಿಸುವ ಧಾತು ಅದು. ಕಾಯಲೆಂದು ಇಟ್ಟವನೇ ಕದಿಯುತ್ತಿದ್ದ! 1995ರಲ್ಲಿ ಉದ್ಯಮದ ಸಂಘಟನೆ ‘ಸೆಮಿ’ ಈ ಮಾಲಿನ್ಯಕಾರಕಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿತು: ಆಮ್ಲ, ಪ್ರತ್ಯಾಮ್ಲ, ಮೇಲ್ಮೈಗೆ ಕೂರುವ ಆವಿಗಳು, ಬೋರಾನ್‌ನಂತೆ ಸಿಲಿಕಾನ್‌ನ ಗುಣ ಬದಲಿಸುವ ಡೋಪಂಟ್‌ಗಳು. ಇದಕ್ಕೆ ಅಂತಾರಾಷ್ಟ್ರೀಯ ಸಂಸ್ಥೆ ಐಎಸ್‌ಒದ ಮಾನದಂಡ ಬಂದದ್ದು 2006ರಲ್ಲಿ.

ಅಳೆಯುವುದು ಮಾತ್ರ ಸುಲಭವಾಗಲಿಲ್ಲ. ಗಾಳಿಯನ್ನು ಗಂಟೆಗಟ್ಟಲೆ ಶುದ್ಧ ನೀರಿನಲ್ಲಿ ಗುಳ್ಳೆಯಾಗಿ ಹಾಯಿಸಿ, ಆ ನೀರನ್ನು, ಅದರಲ್ಲಿ ಕರಗಿದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಅಯಾನ್ ಕ್ರೊಮಟೋಗ್ರಫಿ ಪರೀಕ್ಷೆಗೆ ಕಳುಹಿಸುವುದು ಹಳೆಯ ಕ್ರಮ. ಕರಾರುವಾಕ್ಕಾದದ್ದು, ಆದರೆ ವರದಿ ಕೈಗೆ ಬರುವಷ್ಟರಲ್ಲಿ ವೇಫರ್ ಮುಂದಿನ ಹಂತ ದಾಟಿರುತ್ತದೆ. ಈಗ ಕನ್ನಡಿಗಳ ನಡುವೆ ಲೇಸರ್ ಕಿರಣವನ್ನು ಸಾವಿರಾರು ಬಾರಿ ಓಡಾಡಿಸಿ, ಅದು ಎಷ್ಟು ಬೇಗ ಕ್ಷೀಣಿಸುತ್ತದೆ ಎಂಬುದರಿಂದ ಅನಿಲದ ಪ್ರಮಾಣ ಹೇಳುವ ಯಂತ್ರಗಳಿವೆ. ಒಂದೇ ಯಂತ್ರಕ್ಕೆ ಹಲವು ಜಾಗಗಳಿಂದ ಟೆಫ್ಲಾನ್ ಕೊಳವೆ ಎಳೆಯುತ್ತಾರೆ. ಅಲ್ಲೂ ಅಮೋನಿಯಾದ ಕಾಟ ತಪ್ಪಿದ್ದಲ್ಲ. ಅದು ಕೊಳವೆಯ ಗೋಡೆಗೆ ಅಂಟಿ ನಿಧಾನವಾಗಿ ಬಿಡುತ್ತದೆ, ಹೀಗಾಗಿ ಪರದೆಯ ಮೇಲಿನ ಅಂಕಿ ಹಿಂದೊಮ್ಮೆ ಎಳೆದ ಗಾಳಿಯ ನೆನಪೂ ಆಗಿರಬಹುದು.

ಇಷ್ಟೆಲ್ಲ ಕರಾವಳಿಗೇಕೆ ಎಂದರೆ, ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ, ಮಣಿಪಾಲಗಳಲ್ಲಿ ಕಲಿತವರು ಚಿಪ್ ಕ್ಷೇತ್ರಕ್ಕೆ ಹೋಗುತ್ತಲೇ ಇದ್ದಾರೆ. 2024ರಲ್ಲಿ ಗುಜರಾತಿನ ಧೋಲೇರಾದಲ್ಲಿ ಫ್ಯಾಬ್‌ಗೆ, ಅಂದರೆ ಚಿಪ್ ಕಾರ್ಖಾನೆಗೆ, ಅಡಿಗಲ್ಲು ಬಿದ್ದ ಮೇಲೆ ‘ನಮ್ಮೂರಿಗೆ ಯಾವಾಗ’ ಎಂದು ಕೇಳುವುದು ಸಹಜ. ಸಬ್ಸಿಡಿ, ನೀರು, ವಿದ್ಯುತ್ತಿನ ಲೆಕ್ಕದ ಜೊತೆಗೆ ಗಾಳಿಯ ಲೆಕ್ಕವನ್ನೂ ಹಾಕಬೇಕು ಎಂಬುದು ನನ್ನ ತಕರಾರು. ಮಂಗಳೂರಿನಲ್ಲಿ ಕಡಲಿನ ಕ್ಲೋರೈಡ್, ಮಳೆಗಾಲದ ತೇವ, ಬಂದರಿಗೆ ಬರುವ ಹಡಗುಗಳ ಹೊಗೆ, ತೈಲ ಮತ್ತು ರಸಗೊಬ್ಬರದಂಥ ಭಾರೀ ಉದ್ಯಮ ಎಲ್ಲವೂ ಒಂದೇ ದಂಡೆಯಲ್ಲಿವೆ. ಒಳಗೆ ಬರುವ ಗಾಳಿಯನ್ನು ಇದ್ದಿಲಿನ ರಾಸಾಯನಿಕ ಫಿಲ್ಟರ್ ಹಿಡಿಯಬಹುದು, ಅಸಾಧ್ಯವೇನಲ್ಲ. ಆದರೆ ಧೂಳಿನ ಫಿಲ್ಟರ್ ಕಟ್ಟಿಕೊಂಡರೆ ಒತ್ತಡದ ಮಾಪಕ ಹೇಳಿಬಿಡುತ್ತದೆ, ಇದ್ದಿಲು ತುಂಬಿಹೋದರೆ ಮಾಪಕ ಕದಲುವುದಿಲ್ಲ. ಫಿಲ್ಟರಿನ ಹಿಂದೆ ಮುಂದೆ ಎರಡೂ ಕಡೆ ಅಳೆದರಷ್ಟೇ ಗೊತ್ತಾಗುತ್ತದೆ. ಜಾಗ ಗೊತ್ತುಮಾಡುವ ಮೊದಲೂ ಗಾಳಿಯನ್ನು ಬೇಸಿಗೆ, ಮಳೆ, ಚಳಿ ಮೂರೂ ಕಾಲದಲ್ಲಿ ಅಳೆಯಬೇಕು, ಏಕೆಂದರೆ ಜೂನ್‌ನಲ್ಲಿ ಕಡಲ ಕಡೆಯಿಂದ ಬೀಸುವುದು ಜನವರಿಯ ಬೆಳಗಿನ ಜಾವ ಘಟ್ಟದ ಕಡೆಯಿಂದ ಇಳಿಯುತ್ತದೆ.