ಬಸ್ಸಿಗಲ್ಲ, ಬಸ್ಸು ಇಳಿದ ಮೇಲೆ

ಪ್ರಶ್ನೆ: ನಾವಿರೋದು ಮಂಡ್ಯದಲ್ಲಿ. ಮಗಳಿಗೆ ಎಂಟು ತಿಂಗಳು, ತೂಕ 8 ಕೆಜಿ. ದಸರಾ ರಜೆಗೆ ಮೈಸೂರಿನಲ್ಲಿ ಒಂದು ದಿನ ಇದ್ದು, ಅಲ್ಲಿಂದ ಬಸ್ಸಿನಲ್ಲಿ ಊಟಿಗೆ ಹೋಗಬೇಕು ಅಂತಿದ್ದೀವಿ. ಮಗುವಿಗೆ ಕಾರ್ ಸೀಟೂ ಇದೆ, ಸ್ಟ್ರಾಲರೂ ಇದೆ. ಬಸ್ಸಿನ ಸೀಟಿಗೆ ಕಾರ್ ಸೀಟ್ ಕಟ್ಟೋಕಾಗುತ್ತಾ? ಅತ್ತೆ ‘ಮಡಿಲಲ್ಲಿ ಕೂರಿಸ್ಕೊಂಡ್ರೆ ಸಾಕು’ ಅಂತಾರೆ. ಇವರು ‘ಎರಡನ್ನೂ ತಗೊಂಡೇ ಹೋಗೋಣ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಅರ್ಧರ್ಧ ಕೇಳಿ. ಬಸ್ಸಿನಲ್ಲಿ ಆ ಕಾರ್ ಸೀಟ್ ಕೂರೋದು ಕಷ್ಟ. ಆದರೂ ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಊಟಿಯಲ್ಲಿ ಬಸ್ಸು ಇಳಿದ ಮೇಲೆ ಏನು ಮಾಡ್ತೀರಿ? ಟ್ಯಾಕ್ಸಿ ಹತ್ತುತ್ತೀರಿ. ರೂಮಿಗೆ, ದೊಡ್ಡಬೆಟ್ಟಕ್ಕೆ, ಬೊಟಾನಿಕಲ್ ಗಾರ್ಡನ್ನಿಗೆ, ಎಲ್ಲದಕ್ಕೂ ಟ್ಯಾಕ್ಸಿಯೇ. ಕಾರ್ ಸೀಟ್ ಬೇಕಾಗೋದು ಅಲ್ಲಿ.

ಮೊದಲು ಬಸ್ಸಿನ ವಿಷಯ. ಮಗುವಿನ ಸೀಟನ್ನು ಗಟ್ಟಿಯಾಗಿ ಹಿಡಿಯೋದಕ್ಕೆ ಎರಡೇ ದಾರಿ. ಒಂದು, ಹೊಸ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿರುವ ಐಸೋಫಿಕ್ಸ್ ಕೊಂಡಿ. ಇನ್ನೊಂದು, ಕಾರಿನ ಬೆಲ್ಟು. ಬಸ್ಸಿನಲ್ಲಿ ಕೊಂಡಿ ಸಿಗೋದಿಲ್ಲ. ಬೆಲ್ಟಿನ ಕಥೆ ಬಸ್ಸಿಂದ ಬಸ್ಸಿಗೆ ಬೇರೆ. ಕೆಂಪು ಬಸ್ಸಿನಲ್ಲಿ ಪ್ರಯಾಣಿಕರ ಸೀಟಿಗೆ ಬೆಲ್ಟೇ ಇರೋದಿಲ್ಲ. ಐರಾವತದಂಥ ಕೆಲವು ಎಸಿ ಬಸ್ಸುಗಳಲ್ಲಿ ಇರಬಹುದು, ಆದರೆ ಅದು ಸಾಮಾನ್ಯವಾಗಿ ಸೊಂಟಕ್ಕೆ ಮಾತ್ರ ಬರುವ ಪಟ್ಟಿ. ಎಳೆ ಮಕ್ಕಳ ಎಷ್ಟೋ ಸೀಟುಗಳಿಗೆ ಸೊಂಟ ಮತ್ತು ಭುಜ ಎರಡೂ ಹಿಡಿಯುವ, ಮೂರು ಕಡೆ ಸಿಕ್ಕಿಸಿದ ಬೆಲ್ಟು ಬೇಕು. ಭುಜದ ಪಟ್ಟಿ ಸೀಟಿನ ಬೆನ್ನನ್ನು ಸುತ್ತಿ ಬಂದರೇನೇ ಅದು ಅಲುಗಾಡದೆ ನಿಲ್ಲೋದು. ಬರೀ ಸೊಂಟದ ಬೆಲ್ಟಿನಲ್ಲಿ ಕೂರಿಸಬಹುದಾದ ಸೀಟುಗಳೂ ಇವೆ. ನಿಮ್ಮದು ಯಾವುದು ಅಂತ ಸೀಟಿನ ಪಕ್ಕದಲ್ಲಿ ಅಂಟಿಸಿರುವ ಚೀಟಿಯ ಚಿತ್ರದಲ್ಲಿ ಇರುತ್ತೆ, ನೋಡಿ.

ಅದು ಸೊಂಟದ ಬೆಲ್ಟಿಗೆ ಆಗುವಂಥದ್ದು, ಬಸ್ಸಿನಲ್ಲೂ ಬೆಲ್ಟು ಇದೆ ಅಂತಾದರೆ ಭೇಷ್. ಕೈಕೂಸಿಗೆ ಟಿಕೆಟ್ ಬೇಡ, ಆದರೆ ಸೀಟೂ ಸಿಗೋದಿಲ್ಲ. ಆದ್ದರಿಂದ ಪಕ್ಕದ ಕಿಟಕಿ ಸೀಟಿಗೂ ಒಂದು ಟಿಕೆಟ್ ಮಾಡಿಸಿ. ಬಸ್ಸಿನ ಸೀಟಿನ ಬೆನ್ನು ನೆಟ್ಟಗೆ ನಿಲ್ಲಿಸಿ. ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟು ಬೇಡ.

ಬೆಲ್ಟು ಇಲ್ಲ ಅಂದರೆ? ದಯವಿಟ್ಟು ಕಾರ್ ಸೀಟನ್ನು ಸುಮ್ನೆ ಬಸ್ಸಿನ ಸೀಟಿನ ಮೇಲೆ ಇಟ್ಟು ಮಗುವನ್ನು ಅದರೊಳಗೆ ಕೂರಿಸಬೇಡಿ. ವೇಲ್‌ನಿಂದಲೋ ಹಗ್ಗದಿಂದಲೋ ಕಟ್ಟಲೂ ಬೇಡಿ. ಬ್ರೇಕ್ ಬಿದ್ದಾಗ ಸೀಟೂ ಮಗುವೂ ಸೇರಿ ಮುಂದಕ್ಕೆ ಹಾರುತ್ತವೆ. ಹಾಗೆ ಇಡುವುದಕ್ಕಿಂತ ಅತ್ತೆಯ ಮಡಿಲೇ ವಾಸಿ.

ಮಡಿಲು ಅಂದೆ. ಅದರ ಲೆಕ್ಕವನ್ನೂ ಒಮ್ಮೆ ನೋಡೋಣ. ಬಸ್ಸಿನ ಡ್ರೈವರ್ ಹಸು ಅಡ್ಡ ಬಂತು ಅಂತ ಜೋರಾಗಿ ಬ್ರೇಕ್ ಒತ್ತುತ್ತಾರೆ ಅನ್ನಿ. ಆಗ 8 ಕೆಜಿ ಮಗು ನಿಮ್ಮ ತೋಳನ್ನು ಮುಂದಕ್ಕೆ ಎಳೆಯೋದು ಸುಮಾರು ಐದು ಕೆಜಿ ಅಕ್ಕಿ ಚೀಲದಷ್ಟು. ಎಚ್ಚರವಾಗಿದ್ದರೆ ಯಾರು ಬೇಕಾದರೂ ಹಿಡೀಬಹುದು. ಆದರೆ 50 ಕಿಲೋಮೀಟರ್ ವೇಗದ ಗಾಡಿ ಎಲ್ಲಿಗೋ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತುಬಿಟ್ಟರೆ ಅದೇ ಮಗು 110 ಕೆಜಿಗೂ ಜಾಸ್ತಿ ಎಳೆಯುತ್ತೆ. ಕ್ವಿಂಟಾಲ್ ಭತ್ತದ ಮೂಟೆ ಕೈಗೆ ಬಿದ್ದ ಹಾಗೆ. ಯಾವ ತಾಯಿಯ ತೋಳೂ ತಡೆಯೋದಿಲ್ಲ. ‘ನಾನು ಗಟ್ಟಿಯಾಗಿ ಹಿಡ್ಕೋತೀನಿ’ ಅನ್ನೋ ಮಾತು ಬ್ರೇಕಿಗೆ ಸರಿ, ಅಪಘಾತಕ್ಕೆ ಅಲ್ಲ.

ಹಾಗಾದರೆ ಬಸ್ಸಿನಲ್ಲಿ ಮಾತ್ರ ಮಡಿಲು ಯಾಕೆ ಪರವಾಗಿಲ್ಲ ಅಂತೀರಿ ಅಂತ ಕೇಳಬಹುದು. ಬಸ್ಸು ಭಾರ. ಕಾರಿನ ಹತ್ತು ಪಟ್ಟಿಗೂ ಜಾಸ್ತಿ ತೂಗುತ್ತೆ. ಸಣ್ಣ ಗಾಡಿಗೆ ತಾಗಿದರೆ ಕಾರು ನಿಂತ ಹಾಗೆ ಅದು ತಟಕ್ಕನೆ ನಿಲ್ಲೋದಿಲ್ಲ. ಅದರಿಂದ ಒಳಗಿನವರಿಗೆ ಬೀಳುವ ಎಳೆತ ಕಡಿಮೆ. ಎದುರಿಗೆ ಲಾರಿ ಬಂದರೆ, ಬಸ್ಸು ಹಳ್ಳಕ್ಕೆ ಮಗುಚಿದರೆ ಈ ಲೆಕ್ಕ ನಡೆಯೋದಿಲ್ಲ, ಅದು ಬೇರೆ ಮಾತು. ಆದರೆ ದಿನನಿತ್ಯದ ಬಸ್ ಪ್ರಯಾಣದಲ್ಲಿ ಕೂಸಿಗೆ ಪೆಟ್ಟಾಗೋದು ಬ್ರೇಕು, ಹಂಪು, ತಿರುವಿನಲ್ಲಿ ಜಾರಿ ಮುಂದಿನ ಸೀಟಿನ ಕಬ್ಬಿಣಕ್ಕೆ ತಲೆ ಬಡಿದಾಗ. ಅದನ್ನು ತಡೆಯೋದು ನಮ್ಮ ಕೈಯಲ್ಲಿದೆ.

ಅದಕ್ಕೆ ನನ್ನ ಆಯ್ಕೆ ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್. ಮಗುವಿನ ಮುಖ ನಿಮ್ಮ ಎದೆ ಕಡೆಗೆ ಇರಲಿ, ಮೂಗು ಬಟ್ಟೆಗೆ ಒತ್ತಿರಬಾರದು. ಮಗುವಿನ ಗದ್ದ ಅದರದೇ ಎದೆಗೆ ಅಂಟಿರಬಾರದು. ನೀವು ತೂಕಡಿಸಿದರೂ ಮಗು ಜಾರೋದಿಲ್ಲ, ಎರಡು ಕೈಯೂ ಖಾಲಿ. ಇದು ಕಾರ್ ಸೀಟಿಗೆ ಬದಲಿ ಅಲ್ಲ, ಬ್ರೇಕಿಗೆ ಮಾತ್ರ. ನಿಮ್ಮ ಸೀಟಿಗೆ ಬೆಲ್ಟು ಇದ್ದರೆ ಅದು ನಿಮ್ಮ ಸೊಂಟಕ್ಕೆ, ಮಗುವಿನ ಕೆಳಗೆ ಬರಲಿ. ತಾಯಿ ಮಗು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟು ಬಿಗಿಯೋದನ್ನು ನೋಡಿದ್ದೀನಿ. ಬೇಡವೇ ಬೇಡ. ಗುದ್ದಿದಾಗ ನಿಮ್ಮ ಪೂರ್ತಿ ಭಾರ ಮಗುವನ್ನು ಬೆಲ್ಟಿಗೆ ಒತ್ತಿಬಿಡುತ್ತೆ.

ಸೀಟು ಆರಿಸುವಾಗ ಎರಡು ಚಕ್ರದ ನಡುವಿನ ಸಾಲು ಹಿಡಿಯಿರಿ. ಹಿಂದೆ ಕೂತರೆ ಹಂಪಿನಲ್ಲಿ ಎತ್ತಿ ಹಾಕುತ್ತೆ. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ನೋಟ ಚೆನ್ನ, ಆದರೆ ಮುಂದೆ ಗಾಜು ಬಿಟ್ಟರೆ ತಡೆ ಇಲ್ಲ. ಪುಶ್‌ಬ್ಯಾಕ್ ಸೀಟಿನ ಬಸ್ಸಾದರೆ ಮುಂದೆ ಕೂತವರಿಗೆ ಮೊದಲೇ ಹೇಳಿ: ‘ಅಣ್ಣ, ಕೂಸಿದೆ, ಹಿಂದಕ್ಕೆ ಹಾಕೋ ಮುಂಚೆ ಒಂದು ಮಾತು ಹೇಳಿ.’ ಇಲ್ಲದಿದ್ದರೆ ಸೀಟು ದಬಕ್ಕನೆ ಬಂದು ಮಗುವಿನ ತಲೆಯ ಮೇಲೆ ಕೂರುತ್ತೆ.

ಮೈಸೂರಿನಿಂದ ಊಟಿಗೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಮೇಲೆ ನಾಲ್ಕೈದು ಗಂಟೆಯ ದಾರಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಹಾಗಾಗಿ ಬೆಳಗಿನ ಬಸ್ಸೇ ಸರಿ. ದಸರಾ ಸಮಯದಲ್ಲಿ ಸಬರ್ಬನ್ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ, ರಿಸರ್ವೇಷನ್ ಮಾಡಿಸಿಕೊಳ್ಳಿ. ಘಾಟಿಯಲ್ಲಿ ವಾಂತಿ ಆಗೋದು ಮಗುವಿಗಲ್ಲ, ನಿಮಗೆ. ಎರಡು ವರ್ಷದೊಳಗಿನ ಮಕ್ಕಳಿಗೆ ಆ ತೊಂದರೆ ಬಹಳ ಅಪರೂಪ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ, ಮಗುವಿನ ಬಿಸಿನೀರಿಗೆ ಸ್ಟೀಲ್ ಫ್ಲಾಸ್ಕ್ ಇರಲಿ. 2024ರ ಮೇ ತಿಂಗಳಿಂದ ಅಲ್ಲಿಗೆ ಹೋಗುವ ಪ್ರವಾಸಿಗರ ಕಾರಿಗೆ ಇ-ಪಾಸ್ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಆ ತಲೆನೋವು ಇಲ್ಲ.

ಈಗ ಸ್ಟ್ರಾಲರ್. ಇಲ್ಲಿ ನನ್ನ ಅನುಭವ ಸ್ವಲ್ಪ ಕಹಿ. ಮಗ ಹತ್ತು ತಿಂಗಳಿದ್ದಾಗ ಮೈಸೂರಿಂದ ಮಡಿಕೇರಿಗೆ ಹೊರಟಿದ್ದೆವು. ನಮ್ಮದು ದೊಡ್ಡ ಸ್ಟ್ರಾಲರ್, ಮಡಚಿದರೂ ಅಕ್ಕಿ ಮೂಟೆಯಷ್ಟು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಅಜ್ಜಿ ನೋಡಿ ನೋಡಿ, ‘ಇದೇನವ್ವ, ಕೂಸ್‌ಗಿಂತ ಕುಕ್ಕೆನೇ ದಪ್ಪ ಅದಲ್ಲ!’ ಅಂದಿತು. ನಗು ಬಂತು. ಹಾಗೇ ಎತ್ತಿ ಡಿಕ್ಕಿಗೆ ಹಾಕಿದೆವು. ಹುಣಸೂರಿನಲ್ಲಿ ಯಾರದ್ದೋ ಬಾಳೆಗೊನೆ ಅದರ ಮೇಲೆ ಬಂತು. ಮಡಿಕೇರಿಯಲ್ಲಿ ತೆಗೆದಾಗ ಮುಂದಿನ ಒಂದು ಚಕ್ರ ಇಲ್ಲ! ಡಿಕ್ಕಿಯೊಳಗೆ ತಲೆ ಹಾಕಿ ಮೊಬೈಲ್ ಬೆಳಕಲ್ಲಿ ಹುಡುಕಿದೆ. ಕಂಡಕ್ಟರ್ ಶಿಳ್ಳೆ ಹೊಡೀತಿದ್ದರು. ಸಿಗಲಿಲ್ಲ. ಮೂರು ಚಕ್ರದ ಗಾಡಿಯನ್ನು ಎರಡು ದಿನ ನಾನೇ ಹೊತ್ತು ತಿರುಗಿದೆ, ಮಗ ಅವರಪ್ಪನ ಹೆಗಲ ಮೇಲೆ. ತಪ್ಪು ನನ್ನದೇ. ಆ ಚಕ್ರ ಗುಂಡಿ ಒತ್ತಿದರೆ ಕಳಚುವಂಥದ್ದು, ಮೊದಲೇ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಬೇಕಿತ್ತು.

ಅದಕ್ಕೇ ಹೇಳೋದು: ನಿಮ್ಮದು ಛತ್ರಿ ಥರ ಉದ್ದಕ್ಕೆ ಮಡಚುವ ಹಗುರ ಸ್ಟ್ರಾಲರ್ ಆದರೆ ತಗೊಳ್ಳಿ. ಎಂಟು ತಿಂಗಳ ಮಗು ಚೆನ್ನಾಗಿ ಕೂರುತ್ತೆ ಅಂದರೆ ಅದು ಸಾಕು. ಹಳೆಯ ಬೆಡ್‌ಶೀಟ್‌ನಲ್ಲೋ ಗೋಣಿಚೀಲದಲ್ಲೋ ಸುತ್ತಿ, ದಾರ ಕಟ್ಟಿ, ಡಿಕ್ಕಿಗೆ ಎಲ್ಲರ ಲಗೇಜ್ ಹಾಕಿದ ಮೇಲೆ ಕೊನೆಗೆ ಹಾಕಿಸಿ. ಕೆಳಗಿನ ಬುಟ್ಟಿಯಲ್ಲಿ ಡೈಪರ್, ಬಾಟಲಿ ಮರೆತಿರುತ್ತೀರಿ, ನೋಡಿಕೊಳ್ಳಿ. ಬಸ್ಸಿನೊಳಗೆ ಓಡಾಡುವ ಜಾಗದಲ್ಲಿ ಬಿಚ್ಚಿ ಇಡೋದಂತೂ ಬೇಡ.

ನಿಮ್ಮದು ದೊಡ್ಡ ಸ್ಟ್ರಾಲರ್ ಆದರೆ ಮಂಡ್ಯದಲ್ಲೇ ಇರಲಿ. ಅದು ನಿಜವಾಗಿ ಉಪಯೋಗಕ್ಕೆ ಬರೋದು ಮೈಸೂರು ಮೃಗಾಲಯದಲ್ಲಿ. 1892ರಲ್ಲಿ ಶುರುವಾದ ಜಾಗ, ದಾರಿ ಸಾಫಾಗಿದೆ, ಮರದ ನೆರಳಿದೆ, ಒಂದು ಸುತ್ತಿಗೆ ಎರಡು ಮೂರು ಗಂಟೆ ಬೇಕು. ಅರಮನೆಯಲ್ಲಿ ಮೆಟ್ಟಿಲು, ಚಪ್ಪಲಿ ಬಿಡೋ ಗಲಾಟೆ. ದೇವರಾಜ ಮಾರ್ಕೆಟ್ಟಿನ ಸಂದಿಯಲ್ಲಿ ಮನುಷ್ಯರೇ ಅಡ್ಡಡ್ಡ ನಡೀಬೇಕು. ಜಂಬೂಸವಾರಿ ಜನಸಾಗರಕ್ಕೆ ಸ್ಟ್ರಾಲರ್ ಒಯ್ಯೋದು ಹುಚ್ಚುತನ. ಊಟಿಯೂ ಪೂರ್ತಿ ಏರು ಇಳಿಜಾರು. ಬೊಟಾನಿಕಲ್ ಗಾರ್ಡನ್ನಿನಲ್ಲಿ ಇಳಿಯುವಾಗ ಹಿಡಿ ಕೈತಪ್ಪಿದರೆ ಕಷ್ಟ, ಸ್ಟ್ರಾಲರಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಂಡಿರಿ. ಈ ಪ್ರವಾಸಕ್ಕೆ ಎರಡರಲ್ಲಿ ಒಂದೇ ತಗೊಳ್ಳಿ ಅಂದರೆ ನಾನು ಕಣ್ಣುಮುಚ್ಚಿ ಕಾರ್ ಸೀಟ್ ಅಂತೀನಿ.

ಹಿಡಿ ಇರುವ ಬುಟ್ಟಿಯಂಥ ಕಾರ್ ಸೀಟು ಮೂರರಿಂದ ಐದು ಕೆಜಿ ತೂಗುತ್ತೆ. ಅದರ ಬೇಸ್, ಅಂದರೆ ಕಾರಿನಲ್ಲಿ ಅದರ ಕೆಳಗೆ ಕೂರಿಸುವ ಪೀಠ, ಇದ್ದರೆ ಮನೆಯಲ್ಲೇ ಬಿಡಿ, ಇಂಥ ಎಷ್ಟೋ ಸೀಟುಗಳು ಬೇಸ್ ಇಲ್ಲದೆ ಬರೀ ಬೆಲ್ಟಿನಲ್ಲೂ ಕೂರುತ್ತವೆ. ಇದನ್ನು ಡಿಕ್ಕಿಗೆ ಹಾಕಬೇಡಿ. ಮೇಲೆ ಮೂಟೆ ಬಿದ್ದು ಒಳಗೆ ಬಿರುಕು ಬಿಟ್ಟರೆ ಹೊರಗೆ ಕಾಣೋದೇ ಇಲ್ಲ. ಬಸ್ಸಿನೊಳಗೆ ನಿಮ್ಮ ಕಾಲಿನ ಹತ್ತಿರ ಬೋರಲು ಇಟ್ಟುಕೊಳ್ಳಿ. ಇನ್ನೊಂದು ಮಾತು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಮಗು ಅದರಲ್ಲೇ ಮಲಗಿತು ಅಂತ ಗಂಟೆಗಟ್ಟಲೆ ಬಿಡಬೇಡಿ. ತಲೆ ಮುಂದಕ್ಕೆ ಬಾಗಿದರೆ ಉಸಿರಿಗೆ ತೊಂದರೆ. ಎತ್ತಿಕೊಳ್ಳಿ, ಇಲ್ಲವೇ ಸಮತಟ್ಟಾದ ಜಾಗದಲ್ಲಿ ಮಲಗಿಸಿ.

ಇನ್ನು ಟ್ಯಾಕ್ಸಿ. ಹೊರಡುವ ಹಿಂದಿನ ದಿನವೇ ಡ್ರೈವರ್‌ಗೆ ಫೋನ್ ಮಾಡಿ. ಊಟಿ ಕಡೆ ಕನ್ನಡ ಬರುವ ಡ್ರೈವರ್‌ಗಳು ಬೇಕಾದಷ್ಟಿದ್ದಾರೆ. ಕೇಳಬೇಕಾದ್ದು ಒಂದೇ: ‘ಹಿಂದಿನ ಸೀಟಿನ ಬೆಲ್ಟು ಸಿಕ್ಕಿಸೋ ಬಕಲ್ ಹೊರಗಿದೆಯಾ?’ ಕಾರಿನಲ್ಲಿ ಬೆಲ್ಟಂತೂ ಇದ್ದೇ ಇರುತ್ತೆ. ಆದರೆ ಬಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತೆ. ನಾನೊಮ್ಮೆ ಎರಡು ಸೀಟಿನ ಸಂದಿಯಲ್ಲಿ ಬೆರಳು ತೂರಿಸಿ ಹುಡುಕಿದಾಗ ಮೊದಲು ಸಿಕ್ಕಿದ್ದು ಕಡ್ಲೆಕಾಯಿ ಸಿಪ್ಪೆ, ಆಮೇಲೆ ಒಂದು ಬಾಚಣಿಗೆ, ಕೊನೆಗೆ ಬಕಲ್. ಡ್ರೈವರ್ ‘ಅಯ್ಯೋ, ಇದು ಇಲ್ಲಿತ್ತಾ ಮೇಡಂ’ ಅಂತ ಅವರೇ ಆಶ್ಚರ್ಯಪಟ್ಟರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕೂರಿಸಿಕೊಂಡು ಓಡಿಸಿದರೆ 1000 ರೂಪಾಯಿ ದಂಡ. ಡ್ರೈವರ್ ಗೊಣಗಿದರೆ ಇದನ್ನು ನೆನಪಿಸಬಹುದು.

ಸೀಟನ್ನು ಹಿಂದಿನ ಸಾಲಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಬರುವ ಹಾಗೆ ಇಡಿ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇರುತ್ತೆ, ಅದು ಬಿಚ್ಚಿಕೊಂಡರೆ ನೇರ ಮಗುವಿನ ಸೀಟಿನ ಬೆನ್ನಿಗೆ ಹೊಡೆಯುತ್ತೆ. ಯುರೋಪಿನ ಆರ್129 ನಿಯಮ 15 ತಿಂಗಳು ತುಂಬುವವರೆಗೆ ಹಿಮ್ಮುಖವೇ ಕಡ್ಡಾಯ ಅನ್ನುತ್ತೆ. ಎಳೆ ಕೂಸಿಗೆ ತಲೆಯೇ ಭಾರ, ಕತ್ತು ಮೆತ್ತಗೆ. ಹಿಮ್ಮುಖವಾಗಿದ್ದರೆ ಪೆಟ್ಟು ಬೆನ್ನಿಗೆಲ್ಲ ಹಂಚಿಹೋಗುತ್ತೆ. ಎಷ್ಟೋ ಸೀಟುಗಳಲ್ಲಿ ಬೆಲ್ಟು ಹಾದುಹೋಗುವ ಜಾಗಕ್ಕೆ ನೀಲಿ ಗುರುತು ಇರುತ್ತೆ, ಅದರಲ್ಲೇ ತೂರಿಸಿ. ಸೀಟನ್ನು ಕೈಯಿಂದ ಒತ್ತಿ ಹಿಡಿದು ಬೆಲ್ಟು ಎಳೆಯಿರಿ. ಅಲ್ಲಾಡಿಸಿ ನೋಡಿದರೆ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ಹೋದರೆ ಮಡಿಕೆ ಸಿಗಬಾರದು, ಅಷ್ಟು ಬಿಗಿ ಇರಲಿ.

ಊಟಿ ಚಳಿ ಅಂತ ಉಬ್ಬಿದ ಜಾಕೆಟ್ ಹಾಕಿ ಅದರ ಮೇಲೆ ಪಟ್ಟಿ ಬಿಗಿಯುವವರೇ ಹೆಚ್ಚು. ಜಾಕೆಟ್ಟಿನೊಳಗಿನ ಹತ್ತಿ ಗುದ್ದಿದಾಗ ಅಮುಕಿ ಹೋಗಿ ಪಟ್ಟಿ ಸಡಿಲವಾಗುತ್ತೆ. ತೆಳು ಸ್ವೆಟರ್ ಹಾಕಿ, ಪಟ್ಟಿ ಬಿಗಿದು, ಅದರ ಮೇಲೆ ಅತ್ತೆಯ ಶಾಲು ಹೊದಿಸಿ.